ಫೋಟೋಬುಕ್ ಮಾಡ್ಸೋರು ಮೊದ್ಲು ಕಷ್ಟದ ಫೋಟೋ ಪ್ರಿಂಟ್ ಮಾಡ್ಸಿ ನೋಡಿ

ಮದ್ವೆ ಆಯ್ತು, ನಾಮಕರಣ ಆಯ್ತು, ಫೋಟೋ ಎಲ್ಲಾ ಫೋನಲ್ಲೇ ಬಿದ್ದಿದೆ, ಒಂದ್ ಬುಕ್ ಮಾಡ್ಸೋಣ ಅಂತ ಹೊರಟ್ರೆ ಎಲ್ರೂ ಮೊದ್ಲು ಕೇಳೋದು ಯಾವ ಸೈಟು, ಎಷ್ಟ್ ಡಿಸ್ಕೌಂಟು ಅಂತ. ನನ್ ಪ್ರಕಾರ ಅದು ಕೊನೇಲಿ ಕೇಳೋ ಪ್ರಶ್ನೆ. ಮೊದ್ಲು ಒಂದ್ ಚಿಕ್ಕ ಬುಕ್ಕೋ, ನಾಲ್ಕೈದ್ ಬಿಡಿ ಪ್ರಿಂಟೋ ಟೆಸ್ಟಿಗೆ ಮಾಡ್ಸಿ, ಅದಕ್ಕೂ ನಿಮ್ಮತ್ರ ಇರೋದ್ರಲ್ಲೇ ಕಷ್ಟದ ಫೋಟೋಗಳನ್ನ ಆರ್ಸಿ. ಲಾಲ್‌ಬಾಗಲ್ಲಿ ಬೆಳಗಿನ ಬಿಸಿಲಲ್ಲಿ ತೆಗ್ದಿರೋ ಫೋಟೋ ಯಾರ್ ಪ್ರಿಂಟ್ ಹಾಕಿದ್ರೂ ಚೆನ್ನಾಗೇ ಬರತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ.

ಕಷ್ಟದ್ದು ಅಂದ್ರೆ ಯಾವ್ದು? ಛತ್ರದೊಳಗೆ ಹಳದಿ ಲೈಟಲ್ಲಿ ತೆಗ್ದಿರೋ ಮುಹೂರ್ತದ ಫೋಟೋ, ಅರಿಶಿನ ಹಚ್ಚಿರೋ ಮುಖ, ಕಡುಗೆಂಪು ರೇಷ್ಮೆ ಸೀರೆ, ಕಪ್ಪು ಸೂಟು, ಸಂಜೆ ಆಕಾಶ, ಆಮೇಲೆ ತಾತಂದೊಂದು ಬ್ಲಾಕ್ ಅಂಡ್ ವೈಟ್. ಈ ತಾತನ ಫೋಟೋ ಮಾತ್ರ ಬಿಡ್ಲೇಬೇಡಿ. ಬೂದು ಬಣ್ಣ ಬೂದಾಗೇ ಬರ್ಬೇಕು, ತಾತನ ಮುಖ ಒಂಚೂರು ಹಸಿರಾಗೋ ಗುಲಾಬಿಯಾಗೋ ಕಂಡ್ರೆ ಆ ಮಷೀನಿನ ಕಲರ್ ಸೆಟ್ಟಿಂಗ್ ಸರಿ ಇಲ್ಲ ಅಂತಾನೇ ಲೆಕ್ಕ, ಕಲರ್ ಫೋಟೋದಲ್ಲಿ ಅದೇ ದೋಷ ಇದ್ರೂ ಬಣ್ಣಗಳ ಮಧ್ಯೆ ಮುಚ್ಚೋಗಿರತ್ತೆ ಅಷ್ಟೇ.

ಪ್ರಿಂಟ್ ಕೈಗೆ ಬಂದ್ಮೇಲೆ ಟ್ಯೂಬ್‌ಲೈಟ್ ಕೆಳಗೆ ನೋಡ್ಬೇಡಿ, ಹಗಲು ಹೊತ್ತಲ್ಲಿ ಕಿಟಕಿ ಪಕ್ಕ ನೋಡಿ, ನೇರ ಬಿಸಿಲು ಬೇಡ. ಕೆಂಪು ಸೀರೇಲಿ ನೆರಿಗೆ, ಜರಿ ಬೇರೆ ಬೇರೆ ಕಾಣ್ಬೇಕು, ಒಂದೇ ಕೆಂಪು ಮುದ್ದೆ ಆಗಿದ್ರೆ ಫೇಲು. ಕಪ್ಪು ಸೂಟಲ್ಲಿ ಕಾಲರ್ರು, ಗುಂಡಿ ಗೊತ್ತಾಗ್ಬೇಕು. ಆಕಾಶ ನುಣ್ಣಗೆ ಬಣ್ಣ ಬದಲಾಗ್ತಾ ಹೋಗ್ಬೇಕು, ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬಂದಿದ್ರೆ ಒಂದೋ ಫೈಲ್ ವಿಪರೀತ ಕಂಪ್ರೆಸ್ ಆಗಿದೆ ಇಲ್ಲಾ ಪ್ರಿಂಟಿಂಗಲ್ಲೇ ತೊಂದ್ರೆ ಇದೆ. ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಇದ್ರೆ ಅದರ ಅಂಚನ್ನ ಭೂತಗನ್ನಡಿ ಹಿಡ್ದು ನೋಡಿ, ಕೆಂಪೋ ನೀಲಿಯೋ ನೆರಳು ಕಂಡ್ರೆ ಬಣ್ಣಗಳು ಒಂದ್ರ ಮೇಲೊಂದು ಸರಿಯಾಗಿ ಕೂತಿಲ್ಲ.

ಭೂತಗನ್ನಡೀಲಿ ಸಣ್ಣ ಸಣ್ಣ ಚುಕ್ಕಿ ಕಂಡ್ರೆ ಗಾಬರಿ ಆಗ್ಬೇಡಿ, ಎಚ್‌ಪಿ ಇಂಡಿಗೋ ತರದ ಡಿಜಿಟಲ್ ಪ್ರೆಸ್ಸಲ್ಲಿ ಹಾಗೇ ಬರೋದು. ಸ್ಟುಡಿಯೋದವ್ರು ಕೆಮಿಕಲ್ ಪ್ರಿಂಟ್ ಅನ್ನೋದ್ರಲ್ಲಿ ಫೋಟೋ ಪೇಪರ್ ಮೇಲೆ ಬೆಳಕು ಬಿಟ್ಟು ಡೆವಲಪ್ ಮಾಡ್ತಾರೆ, ಅದ್ರಲ್ಲಿ ಚುಕ್ಕಿ ಇರಲ್ಲ, ಚರ್ಮದ ಬಣ್ಣ ಮೆತ್ತಗೆ ಬರತ್ತೆ, ಆದ್ರೆ ಹಾಳೆ ದಪ್ಪ ಆಗತ್ತೆ. ಮದ್ವೆ ಆಲ್ಬಂಗೆ ನಾನು ಕೆಮಿಕಲ್ಲೇ ಅಂತೀನಿ, ಟ್ರಿಪ್ ಫೋಟೋಗೆಲ್ಲಾ ಡಿಜಿಟಲ್ ಧಾರಾಳ ಸಾಕು.

ಇನ್ನು ಫೈಲು. ಅರ್ಧ ಜನ ಸೋಲೋದು ಇಲ್ಲೇ. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳ್ಸಿದ ಫೋಟೋ ಉದ್ದಕ್ಕೆ ಸುಮಾರು 1600 ಪಿಕ್ಸೆಲ್‌ಗೆ ಇಳ್ದಿರತ್ತೆ, ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದು 5 ಇಂಚು ಚಿಲ್ಲರೆ ಬರತ್ತೆ ಅಷ್ಟೇ, ಅದನ್ನ 12 ಬೈ 18 ಇಂಚಿನ ಪುಟಕ್ಕೆ ಎಳೆದ್ರೆ ಮಂಜು ಮಂಜಾಗದೆ ಇನ್ನೇನಾಗತ್ತೆ. ಅದೇ ಫೋನಿನ 12 ಮೆಗಾಪಿಕ್ಸೆಲ್ ಒರಿಜಿನಲ್ ಆದ್ರೆ 4000 ಬೈ 3000 ಇರತ್ತೆ, ಆ ಪುಟಕ್ಕೂ ಇಂಚಿಗೆ 200 ದಾಟತ್ತೆ, ನಡಿಯತ್ತೆ. ಹಾಗಾಗಿ ಅತ್ತಿಗೆ ಹತ್ರ ಫೋಟೋ ಕೇಳುವಾಗ್ಲೇ ಡಾಕ್ಯುಮೆಂಟ್ ಅಂತ ಹಾಕಿ ಕಳ್ಸಿ ಅಂತ ಹೇಳ್ಬಿಡಿ. ಹಳೇ 4 ಬೈ 6 ಮ್ಯಾಕ್ಸಿ ಪ್ರಿಂಟ್‌ಗಳನ್ನ ಮೊಬೈಲಲ್ಲಿ ಫೋಟೋ ಹೊಡೀಬೇಡಿ, 600 ಡಿಪಿಐಗೆ, ಅಂದ್ರೆ ಇಂಚಿಗೆ 600 ಚುಕ್ಕಿ ಲೆಕ್ಕದಲ್ಲಿ, ಸ್ಕ್ಯಾನ್ ಮಾಡ್ಸಿ, ಅಷ್ಟಿದ್ರೆ 8 ಬೈ 12 ತನಕ ಆರಾಮಾಗಿ ದೊಡ್ಡದ್ ಮಾಡ್ಬೋದು.

ಸ್ಕ್ರೀನು ಬೆಳಕು ಬಿಡತ್ತೆ, ಪೇಪರ್ ಬಿಡಲ್ಲ, ಅದಕ್ಕೇ ಪ್ರಿಂಟ್ ಯಾವಾಗ್ಲೂ ಕತ್ತಲಾದಂಗೆ ಕಾಣತ್ತೆ. ಸ್ಕ್ರೀನ್ ಬ್ರೈಟ್‌ನೆಸ್ ಅರ್ಧಕ್ಕೆ ಇಳ್ಸಿ ಎಡಿಟ್ ಮಾಡಿ. ಫೈಲು ಎಸ್‌ಆರ್‌ಜಿಬಿ (ಫೋನು, ಕಂಪ್ಯೂಟರಲ್ಲಿ ಮಾಮೂಲಿಯಾಗಿ ಬಳಸೋ ಕಲರ್ ಸೆಟ್ಟಿಂಗ್) ಜೆಪೆಗ್ ಆಗಿರ್ಲಿ, ಲ್ಯಾಬಿನವ್ರು ಬೇರೆ ಕೇಳಿದ್ರೆ ಮಾತ್ರ ಬೇರೆ.

ಕನ್ನಡದಲ್ಲಿ ಹೆಸ್ರು, ಸಾಲು ಹಾಕ್ಸೋರಿಗೆ ಒಂದು ತಲೆನೋವಿದೆ. ಕೆಲವು ಡಿಸೈನ್ ಸಾಫ್ಟ್‌ವೇರಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂತ್ಬಿಡತ್ತೆ, ಹಳೇ ಫೋಟೋಶಾಪಾದ್ರೆ ಟೈಪ್ ಸೆಟ್ಟಿಂಗಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡ್ಬೇಕು. ಡಿಸೈನರ್‌ಗೆ ಕನ್ನಡ ಓದೋಕೆ ಬರ್ದಿದ್ರೆ ಅವ್ರಿಗೆ ತಪ್ಪು ಕಾಣೋದೇ ಇಲ್ಲ, ಲಕ್ಷ್ಮಿ ಸರಿಯಾಗಿ ಬಂದಿದ್ದಾಳಾ ಅಂತ ನೀವೇ ನೋಡ್ಬೇಕು, ಫೈನಲ್ ಫೈಲನ್ನ ಮನೇಲಿ ದೊಡ್ಡೋರ ಕೈಗೂ ಕೊಟ್ಟು ಓದ್ಸಿ.

ಬೈಂಡಿಂಗಲ್ಲಿ ಲೇ ಫ್ಲಾಟ್ ಆದ್ರೆ ಪುಟ ಪೂರ್ತಿ ಚಪ್ಪಟೆ ತೆರ್ಕೊಳತ್ತೆ, ಗ್ರೂಪ್ ಫೋಟೋ ಎರಡೂ ಪುಟಕ್ಕೆ ಹಾಕ್ಬೋದು. ಮಾಮೂಲಿ ಅಂಟಿಸಿದ ಬೈಂಡಿಂಗಾದ್ರೆ ಮಧ್ಯದ ಜಾಗ ಒಳಗೆ ಹೋಗತ್ತೆ, ಅಲ್ಲಿ ಯಾರ ಮುಖಾನೂ ಇಡ್ಬೇಡಿ, ಆಮೇಲೆ ಚಿಕ್ಕಪ್ಪ ಅರ್ಧ ಮಾತ್ರ ಕಾಣ್ತಾರೆ. ಅಂಚಲ್ಲೂ 3 ಮಿಲಿಮೀಟರ್ ಕಟಿಂಗಿಗೆ ಹೋಗತ್ತೆ ಅಂತಾನೇ ಇಟ್ಕೊಳಿ. ಮಡಿಕೆ ಹತ್ರ ಇಂಕ್ ಬಿರುಕು ಬಿಟ್ಟಿದ್ಯಾ ಅಂತ ಒಂದೆರಡು ಸಲ ತೆರೆದು ಮುಚ್ಚಿ ನೋಡಿ.

ಪೇಪರ್ ಮಾತ್ರ ಆನ್‌ಲೈನಲ್ಲಿ ಗೊತ್ತಾಗಲ್ಲ. ಬೆಂಗಳೂರಲ್ಲಾದ್ರೆ ಸುಲ್ತಾನ್‌ಪೇಟೆ, ಚಿಕ್ಕಪೇಟೆ ಕಡೆ ಪ್ರಿಂಟಿಂಗ್ ಅಂಗಡಿಗಳಿವೆ, ಮೆಟ್ರೋದಲ್ಲೇ ಹೋಗಿ, ಕಾರ್ ತಗೊಂಡ್ ಹೋದ್ರೆ ಪಾರ್ಕಿಂಗ್ ಹುಡ್ಕೋದ್ರಲ್ಲೇ ದಿನ ಮುಗಿಯತ್ತೆ. 170, 250, 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ಹಾಳೆ ಮುಟ್ಟಿ ನೋಡಿ, ಮ್ಯಾಟ್, ಗ್ಲಾಸಿ ಎರಡ್ರ ಮೇಲೂ ಹೆಬ್ಬೆರಳು ಒತ್ತಿ ನೋಡಿ. ಗ್ಲಾಸಿ ಮಿಂಚತ್ತೆ, ಆದ್ರೆ ನೆಂಟರ ಬೆರಳಚ್ಚೆಲ್ಲಾ ಅದ್ರ ಮೇಲೇ, ಮನೇಲಿ ಮಕ್ಳಿದ್ರೆ ಮ್ಯಾಟೇ ತಗೊಳಿ.

ಕೊರಿಯರ್ ಬಂದಾಗ ಬಾಕ್ಸ್ ಬಿಚ್ಚೋದನ್ನ ಒಂದೇ ಸಮ ವಿಡಿಯೋ ಮಾಡಿ, ಮೂಲೆ ನಾಲ್ಕೂ ತೋರ್ಸಿ. ರೀಪ್ರಿಂಟ್ ಕೇಳೋಕೆ ಎಷ್ಟ್ ದಿನ ಟೈಮಿದೆ ಅಂತ ದುಡ್ಡು ಕಟ್ಟೋಕ್ ಮುಂಚೇನೇ ಓದ್ಕೊಂಡಿರಿ, ಟೆಸ್ಟ್ ಪ್ರಿಂಟನ್ನೂ ಎಸೀಬೇಡಿ, ಬುಕ್ಕಲ್ಲಿ ಬಣ್ಣ ಬೇರೆ ಬಂದಿದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗ್ದು ಕಳ್ಸಿ, ಆಗ ಅವ್ರು ನಿಮ್ ಮೊಬೈಲ್ ಸ್ಕ್ರೀನ್ ಸರಿ ಇಲ್ಲ ಸಾರ್ ಅಂತ ಜಾರ್ಕೊಳೋಕಾಗಲ್ಲ.