ಶ್ವಾಸಕೋಶದ ಕ್ಯಾನ್ಸರ್: ರಿಪೋರ್ಟ್ ಫೈಲು ಓದುವುದು ಹೇಗೆ?

ಎಕ್ಸ್-ರೇಯಲ್ಲಿ ಮಚ್ಚೆ ಕಂಡಿದೆ ಎಂದ ಕೂಡಲೇ ಮನೆಯವರು ಕೇಳುವುದು "ಆಪರೇಷನ್ ಯಾವಾಗ?" ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮುಂಚೆ ಮೂರು ವಿಷಯ ಇತ್ಯರ್ಥವಾಗಬೇಕು. ಇದು ಕ್ಯಾನ್ಸರೇ ಹೌದಾ? ಯಾವ ಬಗೆಯದು? ಎಲ್ಲಿವರೆಗೆ ಹರಡಿದೆ? ಫೈಲನ್ನು ಇದೇ ಕ್ರಮದಲ್ಲಿ ಓದಿ.

ಮೊದಲು ಬಯಾಪ್ಸಿ, ಅಂದರೆ ಗೆಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆಯ, ರಿಪೋರ್ಟ್ ಹುಡುಕಿ. ಕ್ಷಯದ ಹಳೇ ಕಲೆ, ನ್ಯುಮೋನಿಯಾ ಕೂಡ ಎಕ್ಸ್-ರೇಯಲ್ಲಿ ಹೀಗೇ ಕಾಣಬಹುದು. ಸಿಟಿ ಸ್ಕ್ಯಾನ್ ಗೆಡ್ಡೆಯ ಗಾತ್ರ, ಜಾಗ ತೋರಿಸುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಸೂಜಿಯಿಂದಲೋ ಬ್ರಾಂಕೋಸ್ಕೋಪಿಯಿಂದಲೋ (ಶ್ವಾಸನಾಳಕ್ಕೆ ಕ್ಯಾಮೆರಾ ಇರುವ ಕೊಳವೆ ಇಳಿಸಿ) ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ" ಎಂದು ಹೆದರಿ ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ. ಹಾಗಾಗುವುದು ತೀರಾ ಅಪರೂಪ. ಹೆದರಿ ಸುಮ್ನೆ ಕಳೆದ ತಿಂಗಳುಗಳಲ್ಲಿ ಅದು ಹರಡುವ ಸಾಧ್ಯತೆಯೇ ಜಾಸ್ತಿ.

ಅದೇ ರಿಪೋರ್ಟಿನಲ್ಲಿ ಬಗೆಯೂ ಬರೆದಿರುತ್ತದೆ. ನೂರಕ್ಕೆ ಸುಮಾರು 85 ಮಂದಿಯದು 'ನಾನ್-ಸ್ಮಾಲ್ ಸೆಲ್'. ಉಳಿದದ್ದು 'ಸ್ಮಾಲ್ ಸೆಲ್'. ಬೇಗ ಹರಡುವ ಇದು ಹೆಚ್ಚುಕಡಿಮೆ ಧೂಮಪಾನಿಗಳಿಗೇ ಬರುತ್ತದೆ. ಮೊದಲನೆಯದರಲ್ಲೇ ಒಂದಾದ 'ಅಡಿನೋಕಾರ್ಸಿನೋಮ' ಮಾತ್ರ ಸಿಗರೇಟು ಮುಟ್ಟದವರನ್ನೂ ಬಿಡುವುದಿಲ್ಲ. ಪಕ್ಕದವರು ಸೇದಿದ ಹೊಗೆ, ಸೌದೆ ಒಲೆಯ ಹೊಗೆ, ಡೀಸೆಲ್ ಹೊಗೆ, ಆಸ್ಬೆಸ್ಟಾಸ್ ಧೂಳು, ನೆಲದಿಂದ ಏಳುವ ರೇಡಾನ್ ಅನಿಲ, ಇವೂ ಕಾರಣವಾಗುತ್ತವೆ. ಹಾಗಾಗಿ ರೋಗಿಯನ್ನು ಕಂಡವರೆಲ್ಲ "ಸೇದ್ತಿದ್ರಾ?" ಎಂದು ಕೇಳುವುದನ್ನು ಬಿಟ್ಟರೆ ಒಳ್ಳೆಯದು.

ಆದರೂ ತಂಬಾಕೇ ದೊಡ್ಡ ಕಾರಣ. ಅಮೆರಿಕದ ಸರ್ಜನ್ ಎವಾರ್ಟ್ಸ್ ಗ್ರಹಾಂ 1933ರಲ್ಲಿ ಕ್ಯಾನ್ಸರ್ ರೋಗಿಯೊಬ್ಬರ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದು ಅವರನ್ನು ಉಳಿಸಿದರು. ಸಿಗರೇಟಿಗೂ ಕ್ಯಾನ್ಸರಿಗೂ ನಂಟಿದೆ ಎಂದರೆ ಅವರು ಮೊದಲು ನಂಬಿರಲಿಲ್ಲ. 1950ರಲ್ಲಿ ಅದನ್ನು ತೋರಿಸಿಕೊಟ್ಟ ಅಧ್ಯಯನಕ್ಕೆ ತಾವೇ ಜೊತೆಯಾದರು, ಸೇದುವುದನ್ನೂ ಬಿಟ್ಟರು. ತಡವಾಗಿತ್ತು. 1957ರಲ್ಲಿ ಅವರು ಸತ್ತದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅವರು ಉಳಿಸಿದ ರೋಗಿ ಆಗಲೂ ಬದುಕಿದ್ದರು.

ಮೂರನೆಯದು ಹಂತ. ಇದಕ್ಕೆ ದೇಹದಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್, ಮೆದುಳಿನ ಎಂಆರ್‌ಐ ಬೇಕಾಗಬಹುದು. 1 ಎಂದರೆ ಶ್ವಾಸಕೋಶದಲ್ಲೇ ಇದೆ, 4 ಎಂದರೆ ಮೂಳೆ, ಲಿವರ್, ಮೆದುಳಿನಂಥ ಕಡೆಗೂ ಹೋಗಿದೆ. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲ. ಅದಕ್ಕೇ ಬಹಳಷ್ಟು ಜನರಿಗೆ ಗೊತ್ತಾಗುವುದೇ ತಡವಾಗಿ. ಮೂರು ವಾರವಾದರೂ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಒಡೆದ ದನಿ ಇದ್ದರೆ ಡಾಕ್ಟರಿಗೆ ತೋರಿಸಿ. ವರ್ಷಗಟ್ಟಲೆ ಸೇದಿದವರು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಬಗ್ಗೆ ಲಕ್ಷಣ ಕಾಣುವ ಮೊದಲೇ ಕೇಳಬಹುದು.

ಈಗ ಚಿಕಿತ್ಸೆ. ನಾನ್-ಸ್ಮಾಲ್ ಸೆಲ್ 1, 2ನೇ ಹಂತದಲ್ಲಿದ್ದರೆ ಸಾಮಾನ್ಯವಾಗಿ ಆಪರೇಷನ್. ಅದನ್ನು ತಡೆಯುವ ಶಕ್ತಿ ದೇಹಕ್ಕಿಲ್ಲದಿದ್ದರೆ ಗುರಿಯಿಟ್ಟು ಕೊಡುವ ವಿಕಿರಣ. 3ರಲ್ಲಿ ಹೆಚ್ಚಾಗಿ ಕೀಮೋ, ವಿಕಿರಣ ಎರಡೂ, ಆಮೇಲೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ. ಸ್ಮಾಲ್ ಸೆಲ್‌ಗೆ ಆಪರೇಷನ್ ಅಪರೂಪ, ಕೀಮೋನೇ ಮುಖ್ಯ. ನಾನ್-ಸ್ಮಾಲ್ ಸೆಲ್ 4ನೇ ಹಂತ ಎಂದ ತಕ್ಷಣ ಕೈಚೆಲ್ಲಬೇಡಿ, ಇಲ್ಲಿ ಜೀನ್ ಪರೀಕ್ಷೆ ಕೇಳಿ. ಇಜಿಎಫ್ಆರ್, ಎಎಲ್‌ಕೆ ಜೀನ್‌ಗಳಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೆಂದೇ ಮಾತ್ರೆಗಳಿವೆ. ಕೆಲವರು ಅವುಗಳ ಮೇಲೆ ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಕ್ಯಾನ್ಸರ್ ಕೋಶಗಳ ಮೇಲಿರುವ ಪಿಡಿ-ಎಲ್1 ಎಂಬ ಪ್ರೋಟೀನಿನ ಪರೀಕ್ಷೆ ಇಮ್ಯುನೋಥೆರಪಿ ಎಷ್ಟು ಕೈಹಿಡಿಯಬಹುದು ಎಂಬ ಸುಳಿವು ಕೊಡುತ್ತದೆ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಲು ಹೊರಟರೆ ಬರೀ ರಿಪೋರ್ಟ್ ಸಾಲದು. ಬಯಾಪ್ಸಿಯ ಚೂರನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ಲ್ಯಾಬಿನವರು ಇಟ್ಟಿರುತ್ತಾರೆ. ಅದಕ್ಕೆ 'ಬ್ಲಾಕ್' ಎನ್ನುತ್ತಾರೆ. ಅದನ್ನೂ ಸ್ಲೈಡುಗಳನ್ನೂ ಕೇಳಿ ತೆಗೆದುಕೊಂಡು ಹೋಗಿ. ಅದರಲ್ಲಿ ಸಾಕಷ್ಟು ಮಾದರಿ ಉಳಿದಿದ್ದರೆ ಇನ್ನೊಮ್ಮೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.