ಮಡಿಕೇರಿಯ ಬಂಗಲೆಯೊಂದರ ಐಮರ

ಮಡಿಕೇರಿಯ ಸುತ್ತಮುತ್ತ ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವುದು ನನ್ನ ವೃತ್ತಿ. ಯುರೋಪಿಯನ್ ತೋಟದ ಮಾಲೀಕನೊಬ್ಬನಿಗಾಗಿ ಕಟ್ಟಿದ್ದೆಂದು ಹೇಳುವ ಬಂಗಲೆಯೊಂದು ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಾಗ, ಅದನ್ನು ಅಪ್ಪಟ ಇಂಗ್ಲಿಷ್ ಮನೆಯೆಂದೇ ತಿಳಿದು ಕೆಲಸಕ್ಕಿಳಿದೆ. ಆ ತಿಳಿವಳಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಜಗಲಿಯ ಎರಡು ಕಂಬಗಳ ನಡುವಿನ ಒಂದು ಹಲಗೆ.

ಅದು ಐಮರ; ಕೊಡವರ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಹಿರಿಯರು ಕೂರುವ ಅಗಲವಾದ ಮರದ ಹಲಗೆ. "ಯಾರೋ ಆಮೇಲೆ ಸೇರಿಸಿರಬೇಕು, ತೆಗೆಸಿಬಿಡಿ" ಎಂದು ಮನೆಯವರು ಹೇಳಿದಾಗ ನಾನೂ ಒಪ್ಪಿದ್ದೆ. ಆದರೆ ಮೇಸ್ತ್ರಿ ಹಲಗೆಯ ತುದಿಯನ್ನು ಸಡಿಲಿಸಿದಾಗ ಕಂಬದಲ್ಲಿ ಕೊರೆದ ಗೂಡು ಕಂಡಿತು. ಕಂಬದ ಉಳಿದ ಮೈಯಲ್ಲಿ ಪದರ ಪದರವಾಗಿ ಬಣ್ಣವಿತ್ತು, ಗೂಡಿನೊಳಗೆ ಮಾತ್ರ ಬರಿಯ ಮರ. ಕಂಬಕ್ಕೆ ಮೊದಲ ಬಣ್ಣ ಬೀಳುವ ಮುನ್ನವೇ ಐಮರ ಅಲ್ಲಿ ಕೂತಿತ್ತು. ಒಳಗೆ ಬೆಂಕಿಗೂಡು ಕಟ್ಟಿಸಿಕೊಂಡವನ ಮನೆಯ ಜಗಲಿಗೆ ಇಲ್ಲಿನ ಬಡಗಿ ತನ್ನ ಊರಿನ ಆಸನವನ್ನೇ ಜೋಡಿಸಿದ್ದನು.

ಅಂದಿನಿಂದ ಯಾವ ಮನೆಯ ಕೆಲಸ ಹಿಡಿದರೂ ಮೊದಲು ಪೇಟೆಯನ್ನು ಒಂದು ಸುತ್ತು ನೋಡಿ ಬರುತ್ತೇನೆ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಳ್ಳುವುದಕ್ಕೆ ಮೊದಲೇ, 1820ರಲ್ಲಿ, ಕೊಡಗಿನ ರಾಜ ಲಿಂಗರಾಜೇಂದ್ರನು ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ಗುಮ್ಮಟವೂ ಮೂಲೆಗಳಲ್ಲಿ ಮಿನಾರುಗಳೂ ಇವೆ. ಪರಶೈಲಿಯನ್ನು ತನ್ನದಾಗಿಸಿಕೊಳ್ಳುವುದು ಈ ಊರಿಗೆ ಹೊಸದಾಗಿರಲಿಲ್ಲ. ಕೋಟೆಯೊಳಗೆ ಅವನೇ ಕಟ್ಟಿಸಿದ ಅರಮನೆಗೆ 1933ರಲ್ಲಿ ಗಡಿಯಾರದ ಗೋಪುರವೂ ಕಮಿಷನರರ ಕಾರು ನಿಲ್ಲಲು ಮುಖಮಂಟಪವೂ ಸೇರಿದವು. ಆದರೆ ಅದೇ ಕೋಟೆಯಲ್ಲಿ ಬ್ರಿಟಿಷರು ವೀರಭದ್ರನ ಗುಡಿಯನ್ನು ತೆಗೆಸಿ ಚರ್ಚನ್ನು ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ. ಇದನ್ನೂ ಸಂಸ್ಕೃತಿಗಳ ಸಂಗಮವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಕಡೆ ಬಡಗಿಯ ಕೈ ಸೇರಿದೆ, ಇನ್ನೊಂದು ಕಡೆ ಅಧಿಕಾರ ಜಾಗವನ್ನೇ ಕಿತ್ತುಕೊಂಡಿದೆ.

ಬಂಗಲೆಯ ಗೋಡೆಗಳಿಗೆ ಹಿಂದೊಮ್ಮೆ ಯಾರೋ ಸಿಮೆಂಟು ಬಳಿದಿದ್ದರು. ಇಲ್ಲಿನ ಮಳೆಗೆ ಒಳಗೆ ಸೇರಿದ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯ ಬುಡ ಉದುರುತ್ತಿತ್ತು. ಅದನ್ನೆಲ್ಲ ಕೆತ್ತಿಸಿ, ವಾರಗಟ್ಟಲೆ ನೆನೆಸಿದ ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿ, ಬೆಲ್ಲದ ನೀರು ಹಾಕಿ ಅರೆಸಿದ ಗಾರೆಯನ್ನು ತೆಳುವಾದ ಪದರಗಳಲ್ಲಿ ಮೆತ್ತಿಸಿದೆವು. ಗಾರೆ ನಿಧಾನವಾಗಿ ಗಟ್ಟಿಯಾಗುವುದರಿಂದ ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಯಬೇಕಿತ್ತು. ಮೇ ಕೊನೆಯ ವಾರದಲ್ಲಿ ಕಡೆಯ ಪದರ ಒಣಗಿದ ಮೇಲೆ ಐಮರವನ್ನು ಅದರ ಗೂಡಿಗೇ ಮರಳಿ ಕೂರಿಸಿದೆವು. ಮನೆಯ ಅಜ್ಜಿ ಬಂದು, ಅಂಗೈಯಿಂದ ಅದರ ಮೇಲಿನ ಧೂಳನ್ನು ಒರೆಸಿ ಕುಳಿತುಕೊಂಡರು.