ಎಂಟು ಸ್ಪೇರು, ಒಂದೇ ನೀರು

ಮೊದಲೇ ಹೇಳಿಬಿಡುತ್ತೇನೆ, ಬಾಹ್ಯಾಕಾಶಕ್ಕೆ ಹೋಗಿಬಂದ ಯಾವ ಯಂತ್ರವನ್ನೂ ನಾನು ಕೈಯಿಂದ ಮುಟ್ಟಿಲ್ಲ. ನನ್ನ ಕೆಲಸ ರಿಲಯಬಿಲಿಟಿ. ಬೇರೆಯವರು ವಿನ್ಯಾಸ ಮಾಡಿದ ಯಂತ್ರ ಯಾವಾಗ ಕೈಕೊಡುತ್ತದೆ, ಕೈಕೊಟ್ಟರೆ ಏನಾಗುತ್ತದೆ, ಜೊತೆಗೆ ಎಷ್ಟು ಸ್ಪೇರ್ ಇಟ್ಟುಕೊಳ್ಳಬೇಕು ಎಂದು ಲೆಕ್ಕ ಹಾಕುವುದು. ಹೆಚ್ಚುಪಾಲು ಎಕ್ಸೆಲ್ ಶೀಟಿನ ಮುಂದೆ ಕೂತು ಮಾಡುವ ಕೆಲಸ. ಹಲವು ವರ್ಷ ಪಂಪು, ವಾಲ್ವುಗಳ ಲೆಕ್ಕ ಮಾಡಿದ ಮೇಲೆ ಒಂದು ಅಧ್ಯಯನ ನನ್ನ ಮೇಜಿಗೆ ಬಂತು. ನಾಲ್ಕು ಜನ, ಸುಮಾರು ಮೂರು ವರ್ಷ, ಮಂಗಳಕ್ಕೆ ಹೋಗಿಬರುವ ನೌಕೆ. ಅದರಲ್ಲಿ ಉಸಿರಾಡಲು ಆಮ್ಲಜನಕ ತಯಾರಿಸುವ ಯಂತ್ರವನ್ನು ಎಷ್ಟು ನಂಬಬಹುದು? ನೌಕೆ ಕಾಗದದ ಮೇಲಿನದು, ಲೆಕ್ಕ ಮಾತ್ರ ನಿಜದ್ದಾಗಬೇಕಿತ್ತು.

ಮೊದಲ ಸಾಲು ಸುಲಭ. ಒಬ್ಬರಿಗೆ ದಿನಕ್ಕೆ ಸುಮಾರು 0.84 ಕಿಲೊ ಆಮ್ಲಜನಕ ಬೇಕು. ನಾಲ್ವರಿಗೆ 1,000 ದಿನಕ್ಕೆ 3,360 ಕಿಲೊ. ಮೂರ್ನಾಲ್ಕು ದಿನದ ಯಾನವಾದರೆ ಸಿಲಿಂಡರಿನಲ್ಲಿ ತುಂಬಿಕೊಂಡು ಹೋಗುವುದೇ ಸರಿ, ಅಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಮೂರು ವರ್ಷಕ್ಕೆ ಸಿಲಿಂಡರಿನ ತೂಕವೇ ನೌಕೆಯನ್ನು ತಿಂದುಹಾಕುತ್ತದೆ. ಹಾಗಾಗಿ ನೀರನ್ನು ಕರೆಂಟಿನಿಂದ ಒಡೆಯುವ ದಾರಿ. ಒಂಬತ್ತು ಕಿಲೊ ನೀರು ಹಾಕಿದರೆ ಎಂಟು ಕಿಲೊ ಆಮ್ಲಜನಕ, ಒಂದು ಕಿಲೊ ಹೈಡ್ರೋಜನ್. ಆ ನೀರನ್ನೂ ಭೂಮಿಯಿಂದಲೇ ಹೊತ್ತರೆ ತೂಕದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಬೆವರು, ಉಸಿರಿನ ತೇವ, ಮೂತ್ರ, ಇವನ್ನೇ ಶುದ್ಧಮಾಡಿ ಯಂತ್ರಕ್ಕೆ ಕುಡಿಸಿದಾಗ ಮಾತ್ರ ಈ ವ್ಯಾಪಾರ ಗಿಟ್ಟುತ್ತದೆ. ಈ ಮಾತನ್ನು ನಾನೇ ವರದಿಯ ಪೀಠಿಕೆಯಲ್ಲಿ ಬರೆದೆ, ಬರೆದು ಮುಂದಕ್ಕೆ ಹೋಗಿಬಿಟ್ಟೆ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು.

ಮಾದರಿಯಾಗಿ ಇಟ್ಟುಕೊಂಡದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕನ್ ಯಂತ್ರ, ಒಜಿಎ (ಆಕ್ಸಿಜನ್ ಜನರೇಶನ್ ಅಸೆಂಬ್ಲಿ). 2006ರ ಜುಲೈನಲ್ಲಿ ಡಿಸ್ಕವರಿ ಷಟಲ್‌ನಲ್ಲಿ ಹೋಯಿತು, ಮರುವರ್ಷ ಚಾಲೂ ಆಯಿತು. ಅದರ ಹೊಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದ 28 ಸೆಲ್‌ಗಳ ಸ್ಟ್ಯಾಕ್ ಇದೆ. ಪ್ರತಿ ಸೆಲ್ಲಿನ ನಡುವೆ ಪ್ರೋಟಾನ್‌ಗಳನ್ನು ಮಾತ್ರ ದಾಟಿಸುವ ತೆಳು ಪ್ಲಾಸ್ಟಿಕ್ ಪೊರೆ. ಒಂದು ಸೆಲ್ಲಿನಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹರಿದರೆ 0.3 ಗ್ರಾಂನಷ್ಟು ಆಮ್ಲಜನಕ ಬರುತ್ತದೆ. ಆರು ಜನಕ್ಕೆ ಸಾಕಾಗುವಷ್ಟು ಬೇಕೆಂದರೆ 28 ಸೆಲ್‌ಗಳಲ್ಲಿ ಸುಮಾರು 25 ಆಂಪಿಯರ್. ಹರಿದ ಕರೆಂಟಿಗೆ ತಕ್ಕಷ್ಟೇ ಗ್ಯಾಸು ಎನ್ನುವ, ಕಾಲೇಜಿನಲ್ಲಿ ಓದಿದ ಫ್ಯಾರಡೆ ನಿಯಮ ಇಷ್ಟು ನೇರವಾಗಿ ಜನರ ಉಸಿರಿಗೆ ಬಂದು ತಾಗುವುದನ್ನು ಕಂಡು ನನಗೆ ಅವತ್ತು ಖುಷಿಯಾಗಿತ್ತು.

ಆಮೇಲೆ ನನ್ನ ಕುಲಕಸುಬು. ಸ್ಟ್ಯಾಕ್ ಸರಾಸರಿ ವರ್ಷಕ್ಕೊಮ್ಮೆ ಕೆಡುತ್ತದೆ ಎಂದು ಇಟ್ಟುಕೊಂಡೆ. ಮೂರು ವರ್ಷಕ್ಕೆ ಮೂರು. ಮೂರು ಸ್ಪೇರ್ ಒಯ್ದರೆ ಸಾಕೇ? ಸಾಲದು. ಸರಾಸರಿ ಮೂರು ಎಂದರೆ ಕೆಲವೊಮ್ಮೆ ಒಂದು, ಕೆಲವೊಮ್ಮೆ ಆರು. ಸರಾಸರಿಯಿಂದ ಎಷ್ಟು ಸಲ ಕೆಡಬಹುದೆಂಬ ಸಾಧ್ಯತೆ ಹೇಳುವ ಪಾಯ್ಸನ್ ಕೋಷ್ಟಕ ನೋಡಿದರೆ ಮೂರು ಸ್ಪೇರಿಗೆ ಗೆಲ್ಲುವ ಸಾಧ್ಯತೆ ನೂರಕ್ಕೆ 65 ಮಾತ್ರ. ಏಳಕ್ಕೆ 98.8. ಎಂಟಕ್ಕೆ 99.6. ನಮಗೆ 99 ದಾಟಬೇಕಿತ್ತು. ಎಂಟು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.

ನಮ್ಮ ಲ್ಯಾಬಿನಲ್ಲಿ ಒಬ್ಬ ಮೇಡಂ ಇದ್ದರು. ಬ್ಯಾಟರಿಗಳ ಮೇಲೆ ಜೀವಮಾನ ಕಳೆದವರು, ನಿವೃತ್ತಿಗೆ ಹತ್ತಿರ. ವರದಿಯನ್ನು ಅವರಿಗೆ ತೋರಿಸಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೊನೆಯ ಪುಟವನ್ನೇ ನೋಡಿದರು.

"ಎಂಟು ಸ್ಪೇರು ಅಂದಿದ್ದೀರಿ. ಎಂಟಕ್ಕೂ ಒಂದೇ ನೀರು ಕುಡಿಸ್ತೀರಾ?"

"ಹೌದು ಮೇಡಂ, ನೀರಿನ ಲೂಪ್ ಒಂದೇ ಅಲ್ವಾ."

"ಹಾಗಾದ್ರೆ ಇದು ಎಂಟು ಅಲ್ಲ ಬಿಡಿ."

ಅಷ್ಟೇ ಹೇಳಿ ಟೀ ಕುಡಿಯಲು ಹೋದರು. ನನಗೆ ಸಿಟ್ಟು ಬಂತು. ಕೆಮಿಸ್ಟ್ರಿಯವರಿಗೆ ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಲ್ಯಾಬಿನ ಮೂಲೆಯಲ್ಲಿ ಹಳೇ ಪ್ರಾಜೆಕ್ಟಿನ ಐದು ಸೆಲ್‌ಗಳ ಎರಡು ಸ್ಟ್ಯಾಕ್ ಧೂಳು ತಿನ್ನುತ್ತಾ ಬಿದ್ದಿದ್ದವು. ಕೇಳಿ ಇಸಿದುಕೊಂಡೆ.

ಬೆಂಚ್ ಮೇಲೆ ಜೋಡಿಸಿದ್ದು ಸರಳ ವ್ಯವಸ್ಥೆ. ಶುದ್ಧ ನೀರಿನ ಡಬ್ಬಿ, ಪುಟ್ಟ ಪಂಪು, ಫಿಲ್ಟರ್, ಸ್ಟ್ಯಾಕ್, ಗ್ಯಾಸು ಮತ್ತು ನೀರು ಬೇರೆಯಾಗಲು ಒಂದು ಗಾಜಿನ ಪಾತ್ರೆ, ಅಲ್ಲಿಂದ ನೀರು ಮತ್ತೆ ಡಬ್ಬಿಗೆ. ಹೈಡ್ರೋಜನ್ನು ಕಿಟಕಿಯಾಚೆಗೆ. ಭೂಮಿಯ ಮೇಲೆ ಗುಳ್ಳೆ ತಾನಾಗಿ ಮೇಲೇರುತ್ತದೆ, ಅದೊಂದು ದೊಡ್ಡ ಉಪಕಾರ. ನಿಲ್ದಾಣದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಅಲ್ಲಿ ಹೈಡ್ರೋಜನ್ ಬೆರೆತ ನೀರನ್ನು ಗಿರಗಿರನೆ ತಿರುಗಿಸಿ, ಮಜ್ಜಿಗೆ ಕಡೆದ ಹಾಗೆ, ಬೇರೆ ಮಾಡಬೇಕು. ಅದೇ ನಿಲ್ದಾಣದಲ್ಲಿ ರಷ್ಯನ್ನರ 'ಎಲೆಕ್ಟ್ರಾನ್' ಎಂಬ ಹೆಸರಿನ ಆಮ್ಲಜನಕ ಯಂತ್ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೀರು ಒಡೆಯುವಂಥದ್ದು. ಅದನ್ನು ಹೆಚ್ಚು ಕಾಡಿದ್ದೂ ಈ ಗುಳ್ಳೆಗಳೇ. ಗುಳ್ಳೆ ಪಂಪಿಗೆ ಸಿಕ್ಕಿಕೊಂಡರೆ ಹರಿವು ನಿಂತಿತು, ಯಂತ್ರ ನಿಂತಿತು. ನಾನು ಈ ಭಾಗವನ್ನು ಬೆಂಚಿನಲ್ಲಿ ಪರೀಕ್ಷಿಸಲು ಸಾಧ್ಯವೇ ಇರಲಿಲ್ಲ. ನೀರಿನದ್ದನ್ನು ಪರೀಕ್ಷಿಸಬಹುದಿತ್ತು.

ಮೊದಲ ದಿನ ಪ್ರತಿ ಸೆಲ್ಲಿಗೆ 1.8 ವೋಲ್ಟ್ ಆಸುಪಾಸು. ನಾನು ನೀರಿನಲ್ಲಿ ಕರಗಿದ ಅಯಾನುಗಳನ್ನು, ಅಂದರೆ ವಿದ್ಯುದಂಶವಿರುವ ಕಣಗಳನ್ನು, ಹಿಡಿಯುವ ರೆಸಿನ್ ಕಾಲಂ ಹಾಕಿರಲಿಲ್ಲ. ಪಂಪ್ ಚಿಕ್ಕದು, ಕಾಲಂ ಇಟ್ಟರೆ ಒತ್ತಡ ಸಾಲುತ್ತಿರಲಿಲ್ಲ, "ಶುದ್ಧ ನೀರೇ ತಾನೆ" ಎಂಬ ಧೈರ್ಯ. ಎರಡನೇ ವಾರದಿಂದ ವೋಲ್ಟೇಜ್ ಇರುವೆ ಹತ್ತಿದ ಹಾಗೆ ಮೇಲೇರತೊಡಗಿತು. ನೀರಿನ ಕಂಡಕ್ಟಿವಿಟಿಯೂ, ಅಂದರೆ ಕರೆಂಟು ಹರಿಯಬಿಡುವ ಗುಣವೂ, ಅದರ ಹಿಂದೆಯೇ. ತಿಂಗಳು ತುಂಬುವುದರೊಳಗೆ ಎರಡು ಸೆಲ್‌ಗಳು 2.2 ದಾಟಿದವು. ನಾನಿಟ್ಟ ಮಿತಿ ಅದೇ ಆಗಿತ್ತು, ಸಪ್ಲೈ ಟ್ರಿಪ್ ಆಯಿತು.

ಆಗ ನಾನು ಮಾಡಿದ್ದು ಏನು ಗೊತ್ತೇ? ರಿಲಯಬಿಲಿಟಿಯವರು ಮಾಡುವುದನ್ನೇ. ಕೆಟ್ಟ ಸ್ಟ್ಯಾಕ್ ತೆಗೆದು ಸ್ಪೇರ್ ಹಾಕಿದೆ. ನೀರು ಹಾಗೇ ಬಿಟ್ಟೆ. ಹೊಸ ಸ್ಟ್ಯಾಕಿನ ವೋಲ್ಟೇಜ್ ಏರಲು ಎರಡು ವಾರ ಕಾಯಲಿಲ್ಲ, ನಾಲ್ಕನೇ ದಿನಕ್ಕೇ ಶುರು.

ಫಿಲ್ಟರ್ ಬಿಚ್ಚಿದರೆ ಕಂದು ಕಲೆ. ತುಕ್ಕು. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋದೆ. ಬಿಲ್ಲಿನಲ್ಲಿ ಎಲ್ಲವೂ 316 ದರ್ಜೆಯ ಸ್ಟೀಲ್. ಲ್ಯಾಬಿನ ಅಣ್ಣ ಒಬ್ಬರು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ಹಿಡಿದರು. ಒಂದು ಕನೆಕ್ಟರ್ ಟಕ್ಕನೆ ಕಚ್ಚಿಕೊಂಡಿತು. 316 ಹಾಗೆ ಕಚ್ಚುವುದಿಲ್ಲ. ಅಂಗೈಗಿಂತ ಚಿಕ್ಕ ಒಂದು ಕನೆಕ್ಟರ್ ಎರಡು ಸ್ಟ್ಯಾಕ್‌ಗಳನ್ನು ಮಲಗಿಸಿತ್ತು.

ಮೇಡಂ ಹತ್ತಿರ ಹೋದೆ, ಈ ಸಲ ಸಿಟ್ಟಿಲ್ಲದೆ. ಅವರು ಕಾಗದದ ಮೇಲೆ ಒಂದು ವೃತ್ತ ಬರೆದು ವಿವರಿಸಿದರು. ಪೊರೆಯೊಳಗೆ ಪ್ರೋಟಾನ್ ಕೂರುವ ಜಾಗಗಳಿವೆ. ನೀರಿನಲ್ಲಿ ಕಬ್ಬಿಣ, ನಿಕ್ಕಲ್‌ನಂಥ ಲೋಹದ ಅಯಾನುಗಳಿದ್ದರೆ ಅವು ಬಂದು ಆ ಜಾಗ ಹಿಡಿಯುತ್ತವೆ, ಎದ್ದು ಹೋಗುವುದಿಲ್ಲ. ಸೀಟಿಗೆ ಟವೆಲ್ ಹಾಕಿದ ಹಾಗೆ. ಪ್ರೋಟಾನ್‌ಗೆ ದಾರಿಯಿಲ್ಲ, ವೋಲ್ಟೇಜ್ ಏರುತ್ತದೆ. ಕಬ್ಬಿಣ ಸಾಲದ್ದಕ್ಕೆ ಪೊರೆಯನ್ನೇ ಕೊರೆಯುವ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಪೊರೆ ಫ್ಲೋರಿನ್ ಇರುವ ಪ್ಲಾಸ್ಟಿಕ್ಕು, ಅದು ಸವೆದರೆ ನೀರಿಗೆ ಫ್ಲೋರೈಡ್ ಸೇರಿ ಆಮ್ಲವಾಗುತ್ತದೆ. ಆಮ್ಲ ಮತ್ತಷ್ಟು ಸ್ಟೀಲನ್ನು ತಿನ್ನುತ್ತದೆ. ಮತ್ತಷ್ಟು ಕಬ್ಬಿಣ. ವೃತ್ತ ಮುಗಿಯಿತು. "ಸಲ್ಫ್ಯೂರಿಕ್ ಆಸಿಡ್ ತೆಳ್ಳಗೆ ಮಾಡಿ ತೊಳೀರಿ, ಅರ್ಧಂಬರ್ಧ ಬದುಕುತ್ತೆ" ಎಂದರು. ಬದುಕಿತು, ಅರ್ಧಂಬರ್ಧವೇ. ಮಂಗಳದ ದಾರಿಯಲ್ಲಿ ಆಸಿಡ್ ಬಕೆಟ್ ಇಟ್ಟುಕೊಂಡು ಕೂರುವವರು ಯಾರು?

ಇದೇ ಕಥೆ 2010ರಲ್ಲಿ ನಿಲ್ದಾಣದ ಒಜಿಎಯಲ್ಲಿ ನಡೆದಿತ್ತು ಎಂದು ನಾನು ಓದಿದ್ದೆ. ಓದಿದ್ದೆ ಅಷ್ಟೇ, ಅರ್ಥವಾಗಿದ್ದು ಬೆಂಚಿನ ಮುಂದೆ. ಸೆಲ್ ವೋಲ್ಟೇಜ್ ಏರಿ ಯಂತ್ರ ತಾನಾಗಿ ನಿಂತಿತು. ಸುತ್ತಿ ಸುತ್ತಿ ಬರುವ ನೀರು ಆಮ್ಲೀಯವಾಗಿತ್ತು, ಲೋಹದ ಅಯಾನುಗಳು ಸ್ಟ್ಯಾಕಿಗೆ ಸೇರಿದ್ದವು. ಸ್ಟ್ಯಾಕ್ ಬದಲಿಸಿದ್ದರ ಜೊತೆಗೆ ಲೂಪಿನಲ್ಲಿ ಅಯಾನು ಹಿಡಿಯುವ ಕಾಲಂ ಸೇರಿಸಿದರು. ನಾನು ಪಂಪು ಚಿಕ್ಕದೆಂದು ಬಿಟ್ಟದ್ದು ಅದನ್ನೇ.

ನೀರಿನ ತಂಟೆ ಅಲ್ಲಿಗೇ ಮುಗಿಯುವುದಿಲ್ಲ, ಅದರ ಮೂಲಕ್ಕೆ ಹೋಗಬೇಕು. ಮೂತ್ರ ಶುದ್ಧಮಾಡುವ ಘಟಕ 2008ರಲ್ಲಿ ನಿಲ್ದಾಣಕ್ಕೆ ಹೋಯಿತು. ಮೂತ್ರದ ನೂರಕ್ಕೆ 85 ಪಾಲು ನೀರನ್ನು ಮರಳಿ ಕೊಡಬೇಕೆಂಬುದು ವಿನ್ಯಾಸ. ಭಾರವಿಲ್ಲದ ಕಡೆ ಮೂಳೆ ಸವೆಯುತ್ತದೆ, ಸವೆದ ಕ್ಯಾಲ್ಸಿಯಂ ಮೂತ್ರದಲ್ಲಿ ಬರುತ್ತದೆ. ಅದು ಕ್ಯಾಲ್ಸಿಯಂ ಸಲ್ಫೇಟ್ ಆಗಿ ಭಟ್ಟಿಯೊಳಗೆ ಗಟ್ಟಿಯಾಗಿ ಕೂತಿತು. ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಲವು ವರ್ಷ 85ಕ್ಕಿಂತ ಕಡಿಮೆ ಪಾಲಿಗೇ ತೃಪ್ತಿಪಡಬೇಕಾಯಿತು. ಗಗನಯಾತ್ರಿಯ ಮೂಳೆ ಆಮ್ಲಜನಕ ಯಂತ್ರದ ಲೆಕ್ಕಕ್ಕೆ ಬರುತ್ತದೆ ಎಂದು ಯಾವ ಬಿಡಿಭಾಗಗಳ ಪಟ್ಟಿಯೂ ನನಗೆ ಹೇಳಿರಲಿಲ್ಲ.

ಶೀಟಿಗೆ ಮರಳಿದೆ. ವರ್ಷಕ್ಕೊಂದು ಎಂದು ಇಟ್ಟುಕೊಂಡಿದ್ದ ಕೆಡುವಿಕೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಎಲ್ಲ ಸ್ಟ್ಯಾಕ್‌ಗಳನ್ನೂ ಒಟ್ಟಿಗೆ ಕೊಲ್ಲುವಂಥದ್ದು ಎಂದುಕೊಂಡೆ. ಮೂರು ವರ್ಷದಲ್ಲಿ ಅಂಥದ್ದು ಒಮ್ಮೆಯಾದರೂ ಆಗುವ ಸಾಧ್ಯತೆ ನೂರಕ್ಕೆ 26. ಅಂದರೆ ಎಂಟಲ್ಲ, ಎಂಬತ್ತು ಸ್ಪೇರ್ ಹೊತ್ತೊಯ್ದರೂ ಗೆಲುವು 74ರ ಮೇಲೆ ಏರುವುದಿಲ್ಲ. ಎರಡು ಗೆರೆ ಎಳೆದು ಬರೆದಿದ್ದ 99.6ನ್ನು ಹೊಡೆದುಹಾಕುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳೇಕೆ.

ಇಲ್ಲಿಂದ ಮುಂದೆ ನನ್ನ ವರದಿಯ ದಾರಿಯೇ ಬದಲಾಯಿತು. ಸ್ಪೇರ್‌ಗಳ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಿದೆ. ಉಳಿದ ತೂಕವನ್ನು ರೆಸಿನ್‌ಗೆ, ಲೂಪಿನ ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬುವ ಏರ್ಪಾಡಿಗೆ, ಮತ್ತು ನೀರೇ ಬೇಡದ ಆಮ್ಲಜನಕಕ್ಕೆ ಕೊಟ್ಟೆ. ನಿಲ್ದಾಣವನ್ನು ಉಳಿಸಿದ್ದೂ ಈ ಬೆರಕೆಯೇ. ಒಂದು ಕಡೆ ಎಲೆಕ್ಟ್ರಾನ್, ಇನ್ನೊಂದು ಕಡೆ ಒಜಿಎ, ಹೊರಗೆ ಹೋಗಿಬರುವ ಬಾಗಿಲುಕೋಣೆಯಾದ ಕ್ವೆಸ್ಟ್ ಏರ್‌ಲಾಕಿನಲ್ಲಿ ಸಿಲಿಂಡರ್‌ಗಳು, ಪ್ರೋಗ್ರೆಸ್ ಸರಕುನೌಕೆ ತರುವ ಗ್ಯಾಸು, ಕೊನೆಗೆ ಸುಟ್ಟರೆ ಆಮ್ಲಜನಕ ಬಿಡುವ ವಿಕಾ ಕ್ಯಾಂಡಲ್‌ಗಳು. 2004ರಲ್ಲಿ ಗಗನಯಾತ್ರಿಗಳಾದ ಪಡಾಲ್ಕಾ ಮತ್ತು ಫಿಂಕ್ ಇಬ್ಬರೇ ನಿಲ್ದಾಣದಲ್ಲಿ ಇದ್ದಾಗ ಎಲೆಕ್ಟ್ರಾನ್ ಪದೇ ಪದೇ ಮೊಂಡುಬಿದ್ದಿತು. 2006ರ ಸೆಪ್ಟೆಂಬರ್ 18ರಂದು ಅದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ವಾಸನೆ ಹಬ್ಬಿ, ನಿಲ್ದಾಣದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಯಂತ್ರ ನಿಂತರೂ ಯಾರೂ ಉಸಿರು ಕಟ್ಟಲಿಲ್ಲ. ಬದಲಿಯೂ ಅದೇ ಜಾತಿಯ ಯಂತ್ರವೇ ಆಗಿದ್ದರೆ ಏನಾಗುತ್ತಿತ್ತೋ.

ಕ್ಯಾಂಡಲ್ ಬಗ್ಗೆ ನನಗೆ ಮೊದಲು ಮೋಹ ಹುಟ್ಟಿತ್ತು. ತಿರುಗುವ ಭಾಗವಿಲ್ಲ, ನೀರಿಲ್ಲ, ಒಂದು ಡಬ್ಬಿ ಒಬ್ಬರಿಗೆ ಒಂದು ದಿನಕ್ಕೆ. ಆಮೇಲೆ 1997ರ ಫೆಬ್ರವರಿ 23ರ, ರಷ್ಯನ್ನರ ಮೀರ್ ಬಾಹ್ಯಾಕಾಶ ನಿಲ್ದಾಣದ ಬೆಂಕಿಯ ವಿವರ ಓದಿದೆ. ಆರು ಜನ ಒಳಗಿದ್ದಾಗ ಕ್ಯಾಂಡಲ್ ಒಂದು ಜ್ವಾಲೆಯುಗುಳಿತು. 2007ರ ಮಾರ್ಚ್‌ನಲ್ಲಿ ಆರ್ಕ್ಟಿಕ್ ಹಿಮದಡಿ ಬ್ರಿಟನ್ನಿನ ಟೈರ್‌ಲೆಸ್ ಜಲಾಂತರ್ಗಾಮಿಯಲ್ಲಿ ಇಂಥದ್ದೇ ಜಾತಿಯ ಡಬ್ಬಿ ಸಿಡಿದು ಇಬ್ಬರು ನಾವಿಕರು ಸತ್ತರು. ಅದಕ್ಕೆ ಎಣ್ಣೆ ತಾಗಿದ್ದಿರಬಹುದು ಎಂಬುದು ತನಿಖೆಯ ಅನುಮಾನ. ಅಲ್ಲಿಯೂ ಬೇಡದ್ದೊಂದು ಒಳಸೇರಿದ ಕಥೆ. ಕ್ಯಾಂಡಲ್ ಇರಲಿ, ಆದರೆ ಕೊನೆಯ ಸಾಲಿನಲ್ಲಿ, ಸ್ವಚ್ಛವಾಗಿ ಮುಚ್ಚಿಟ್ಟು.

ಇನ್ನೊಂದು ಲೆಕ್ಕ ಮಾಡಿದೆ, ಅದು ಮೊದಲೇ ಮಾಡಬೇಕಿತ್ತು. ಯಂತ್ರ ನಿಂತರೆ ಎಷ್ಟು ಹೊತ್ತು? ಉದಾಹರಣೆಗೆ 100 ಘನ ಮೀಟರಿನ ಕ್ಯಾಬಿನ್, ಮೂರು ಜನ. ಆಮ್ಲಜನಕದ ಒತ್ತಡ 21 ಕಿಲೊಪಾಸ್ಕಲ್‌ನಿಂದ 18ಕ್ಕೆ ಇಳಿಯಲು ಒಂದೂವರೆ ದಿನ. ಸುಮಾರು 1,000 ಘನ ಮೀಟರಿನ ನಿಲ್ದಾಣದಲ್ಲಿ ಏಳು ಜನರಿದ್ದರೆ ಆರು ದಿನಕ್ಕೂ ಹೆಚ್ಚು. ಮೊದಲು ತಲೆ ಸಿಡಿಸುವುದು ಇಂಗಾಲದ ಡೈಆಕ್ಸೈಡ್, ಅದರ ಯಂತ್ರ ಬೇರೆಯದೇ. ಈ ಲೆಕ್ಕ ಬಂದ ಮೇಲೆ ನನ್ನ ಪ್ರಶ್ನೆಯ ರೂಪ ಬದಲಾಯಿತು. ಯಂತ್ರ ಕೆಡಲಿ, ಒಂದು ದಿನದೊಳಗೆ ಸ್ಕ್ರೂಡ್ರೈವರ್ ಹಿಡಿದು ಸರಿಮಾಡಲು ಬರುತ್ತದೆಯೇ? ಇಡೀ ಸ್ಟ್ಯಾಕನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದು ಸಣ್ಣ ಫಿಲ್ಟರ್ ಕಟ್ಟಿಕೊಂಡರೂ ಪೂರ್ತಿ ಡಬ್ಬಿ ಬದಲಿಸಬೇಕು. ಬಿಚ್ಚಲು ಬರುವಂತೆ ವಿನ್ಯಾಸ ಮಾಡಿ ಎಂದು ಮೂರು ಪುಟ ಬರೆದೆ. ವಿನ್ಯಾಸದವರು ಹೈಡ್ರೋಜನ್ ಸೋರಿಕೆಯ ಹೆದರಿಕೆ ತೋರಿಸಿ ಎರಡು ಪುಟ ಹೊಡೆದುಹಾಕಿದರು. ಅವರ ಹೆದರಿಕೆಯೂ ಸುಳ್ಳಲ್ಲ. ಆ ಜಗಳ ಇನ್ನೂ ಮುಗಿದಿಲ್ಲ.

ವರದಿ ಕೊಟ್ಟಾಗ ಮೇಲಿನವರು ಕೇಳಿದ್ದು ಒಂದೇ ಸಂಖ್ಯೆ. "ನೂರಕ್ಕೆ ಎಷ್ಟು?" ನಾನು ನೀರಿನ ಗುಣಮಟ್ಟದ ಮೂರು ಸ್ಥಿತಿಗೆ ಮೂರು ಸಂಖ್ಯೆ ಕೊಟ್ಟೆ. ಅವರಿಗೆ ಹಿಡಿಸಲಿಲ್ಲ, ಆದರೂ ಸಹಿ ಹಾಕಿದರು.

ಮೇಡಂ ಕಳೆದ ವರ್ಷ ನಿವೃತ್ತರಾದರು. ಬೆಂಚ್ ಇನ್ನೂ ಓಡುತ್ತಿದೆ, ಈಗ ದೊಡ್ಡ ಪಂಪು, ಎರಡು ರೆಸಿನ್ ಕಾಲಂ. ಈ ಸಲ ನೋಡುತ್ತಿರುವುದು ವಾರಗಟ್ಟಲೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಪೊರೆ ಏನು ಮಾಡುತ್ತದೆ ಎಂದು. ಮೊನ್ನೆ ಹೊಸ ಕನೆಕ್ಟರ್‌ಗಳ ಪೆಟ್ಟಿಗೆ ಬಂತು. ಸ್ಟೋರಿನ ಅಣ್ಣ ಬಿಲ್ ಓದುವ ಮುಂಚೆ ಜೇಬಿನಿಂದ ಮ್ಯಾಗ್ನೆಟ್ ತೆಗೆದ.